ಬುಧವಾರದ ಬೆಂಚು

ಕುಮಟೆಯ ಸಂತೆ ಬುಧವಾರ. ಆ ನೆಪವಿಲ್ಲದಿದ್ದರೆ ನಮ್ಮಂಥ ಹೆಂಗಸರು ದವಾಖಾನೆಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನಾನೂ ಹಿರೇಗುತ್ತಿಯಿಂದ ಬುಟ್ಟಿ ಹಿಡಿದು ಹೋಗತೊಡಗಿದೆ. ಅಷ್ಟರಲ್ಲಿ ಎರಡು ಮಕ್ಕಳು ಹೊಟ್ಟೆಯಲ್ಲೇ ಹೋಗಿದ್ದವು, ಮೂರನೆಯದನ್ನು ಹೊತ್ತಿದ್ದೆ. ಅತ್ತೆ ಇದು ನಾಗದೋಷವೇ ಎಂದು ತೀರ್ಮಾನಿಸಿ, ಪ್ರತಿ ಸಲವೂ ಶಾಂತಿ ಮಾಡಿಸಿದ್ದರು. ನಾಗನೂ ಪಾಪ, ತಾನು ಮಾಡದ ತಪ್ಪಿಗೆ ಹಾಲು ಕುಡಿದು ಸುಮ್ಮನಿದ್ದ.

ನನ್ನದು ಪರಂಗಿ ರೋಗ, ಗಂಡನಿಂದ ಬಂದದ್ದು, ಮಕ್ಕಳು ಹೋದದ್ದೂ ಅದರಿಂದಲೇ ಎಂದು ಹೇಳಿದವಳು ಅಲ್ಲಿಯ ನರ್ಸ್. ವಾರವಾರ ಸೂಜಿ ಚುಚ್ಚಿಸಿಕೊಂಡರೆ ಮಗು ಉಳಿದೀತು. ಆದರೆ ಗಂಡನೂ ಚುಚ್ಚಿಸಿಕೊಳ್ಳುವವರೆಗೆ ಅವರ ಜೊತೆ ಮಲಗಬಾರದು, ಮಲಗಿದರೆ ಮತ್ತೆ ಅಂಟುತ್ತದೆ ಎಂದಳು. ಅವರು ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ದೀಪಾವಳಿಗೊಮ್ಮೆ, ಮಳೆಗೆ ಹಡಗು ನಿಲ್ಲುವ ಮೊದಲು ಇನ್ನೊಮ್ಮೆ ಊರಿಗೆ ಬರುವವರು.

ಸೂಜಿಗೆ ಕಾಯುವ ಬೆಂಚಿನ ಮೇಲೆ ಮಿರ್ಜಾನದವರು, ಅಘನಾಶಿನಿಯವರು, ಹೊನ್ನಾವರದ ಕಡೆಯವರು ಎಲ್ಲರೂ ಇದ್ದೆವು. ನಡುನಡುವೆ ಬುಟ್ಟಿ ಇಟ್ಟು, ಒಬ್ಬರ ಸೆರಗು ಇನ್ನೊಬ್ಬರಿಗೆ ತಾಗದಂತೆ ಕೂರುತ್ತಿದ್ದೆವು. ಕೇಳಿದರೆ ಎಲ್ಲರಿಗೂ ತಲೆನೋವು. ನರ್ಸ್ ಮಾತ್ರ ಪ್ರತಿಯೊಬ್ಬಳನ್ನೂ, “ನಿಮ್ಮವರು ಎಲ್ಲಿರುದು?” ಎಂದು ಕೇಳುತ್ತಿದ್ದಳು. ಬೊಂಬಾಯಿ, ಬೊಂಬಾಯಿ, ಬೊಂಬಾಯಿ. ಗದ್ದೆ ಮಾಡಿಕೊಂಡು ಊರಲ್ಲೇ ಇದ್ದವರ ಹೆಂಡತಿ ಅಪರೂಪಕ್ಕೆ ಒಬ್ಬಳು. ಅಷ್ಟು ಮನೆಗಳಲ್ಲಿ ಒಂದೇ ದುಃಖ, ಆದರೂ ಪ್ರತಿಯೊಬ್ಬಳೂ ಶಾಪ ತನ್ನೊಬ್ಬಳಿಗೇ ಎಂದು ನಂಬಿದ್ದಳು. ನನಗೆ ಅಳುವುದಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ಕೊನೆಯ ಹಡಗಿಗೆ ಅವರು ಬಂದರು. ಇಂಥ ಮಾತನ್ನು ಗಂಡನೊಡನೆ ಆಡುವ ಬಾಯಿ ನನಗಿರಲಿಲ್ಲ. ಅತ್ತೆಯ ಹತ್ತಿರ ಹೋಗಿ, “ನಾಗಂಗೆ ಹರಕೆ ಹೇಳ್ಕಂಡಿದ್ದೆ. ಮಗು ಹುಟ್ಟುವರಿಗೆ ಅವರ ಹತ್ರ ಮಲಗೂದಿಲ್ಲ ಅಂತ” ಎಂದೆ. ಅತ್ತೆ ಮಗನ ಚಾಪೆಯನ್ನು ತಾವೇ ಒಯ್ದು ಜಗಲಿಯಲ್ಲಿ ಹಾಸಿದರು. “ತಮಾ, ನಾಗನ ವಿಷಯ. ಎಂತದೂ ಹೇಳಬೇಡ” ಎಂದು ಮಗನಿಗೆ ಅಂದರು.

ಶ್ರಾವಣದಲ್ಲಿ ಮಗಳು ಹುಟ್ಟಿ ಜೋರಾಗಿ ಅತ್ತಳು. ಅತ್ತೆ ನಾಗನ ಕಟ್ಟೆಗೆ ಹಾಲು ಹೊತ್ತುಕೊಂಡು ಓಡಿದರು. ನಾನು ಯಾರಿಗೆ ಕೈಮುಗಿಯಬೇಕೋ ಅದನ್ನು ಮನೆಯಲ್ಲಿ ಹೇಳುವ ಹಾಗಿರಲಿಲ್ಲ.

ಬಾಣಂತನ ಮುಗಿದ ಮೇಲೆ, ಮಳೆಗೆ ಊರಲ್ಲೇ ಉಳಿದಿದ್ದ ನನ್ನವರು ಕೇಳಿದರು: “ನಿನ್ನ ಹರಕೆ ಮುಗಿತಲ್ಲ?”

ಮಗು ಮಡಿಲಲ್ಲಿತ್ತು. ಅದರಿಂದಲೇ ಧೈರ್ಯ ಬಂದಿರಬೇಕು. “ಇಲ್ಲ. ನೀವು ಕುಮಟೆಗೆ ಬಂದು ಸೂಜಿ ತಕಂಡ ಮೇಲೆ ಮುಗೀತದೆ” ಎಂದು ಎಲ್ಲವನ್ನೂ ಹೇಳಿಬಿಟ್ಟೆ.

“ನಂಗೆ ಎಂತ ರೋಗವೂ ಇಲ್ಲ” ಎಂದರು. ಮುಖ ನೋಡಿ ಹೇಳಲಿಲ್ಲ. ಮಳೆ ಕಳೆದು ಹೊರಟ ಮೊದಲ ಹಡಗಿಗೇ ಹೋದರು. ಆಮೇಲೆ ಮನಿಯಾರ್ಡರು ಬರುತ್ತಿತ್ತು, ಅವರು ಬರಲಿಲ್ಲ. ಮಗಳನ್ನು ಮಲಗಿಸಿ ಆ ಖಾಲಿ ಜಗಲಿ ನೋಡುವಾಗ ಒಮ್ಮೊಮ್ಮೆ, ಸುಮ್ಮನಿದ್ದುಬಿಡಬೇಕಿತ್ತೇನೋ ಅನ್ನಿಸುತ್ತಿತ್ತು. ಅವರು ನನಗೆ ಬೇಕಾಗಿದ್ದರು, ಅದೂ ನಿಜ.

ನನ್ನ ಕೊನೆಯ ಸೂಜಿಗೆ ಮಗಳನ್ನು ಎತ್ತಿಕೊಂಡೇ ಹೋಗಿದ್ದೆ. ಬೆಂಚಿನ ತುದಿಯಲ್ಲಿ ಹೊಸಬಳೊಬ್ಬಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ನಡುವಿನ ಬುಟ್ಟಿಯನ್ನು ಕೆಳಗಿಟ್ಟು ಅವಳ ಪಕ್ಕಕ್ಕೆ ಸರಿದೆ. “ನಂಗೂ ಎರಡು ಹೋಗಿತ್ತು” ಎಂದೆ. ಯಾರೊಡನೆಯೂ ಹಾಗೆ ಹೇಳಿದ್ದು ಅದೇ ಮೊದಲು.

ಅವಳು ತಿರುಗಿ ಮಗುವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಅಕ್ಕಾ, ನಿಮ್ಮವರು ಸೂಜಿ ತಕಂಡ್ರಾ?”

“ಇಲ್ಲ” ಎಂದೆ. “ನಾನೊಬ್ಬಳೇ.”