ಎರಡು ಶ್ರಾವಣದ ವಿಟಮಿನ್ ಪುಡಿ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅಮ್ಮ ಭದ್ರಾವತಿಯಿಂದ ಫೋನ್ ಮಾಡಿ, ಗ್ಯಾಸ್ ಹಚ್ಚುವುದು ಹೇಗೆಂದು ಕೇಳಿದಳು. ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಯಲ್ಲಿ ನಾನು ಕೆಲಸಕ್ಕೆ ಹೊರಡುತ್ತಿದ್ದೆ. ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಒಲೆಯ ಮುಂದೆಯೇ ನಿಂತಿದ್ದಳಂತೆ, ಯಾವುದನ್ನು ತಿರುಗಿಸಬೇಕೋ ತಿಳಿಯುತ್ತಿರಲಿಲ್ಲ. ಏನನ್ನೂ ಮುಟ್ಟದೆ ಹೊರಗೆ ಬಂದು ಜಗುಲಿಯಲ್ಲಿ ಕೂತಿರು ಎಂದೆ. ಅವಳು ನನ್ನ ಮಾತು ಕೇಳಿದಳು. ಅವಳು ಯಾವಾಗಲೂ ನನ್ನ ಮಾತು ಕೇಳುತ್ತಿದ್ದಳು.

ಅಮ್ಮ ಭದ್ರಾವತಿಯ ನ್ಯೂಟೌನಿನಲ್ಲಿ ನನ್ನ ತಮ್ಮನ ಜೊತೆ ಇರುವವಳು. ಹದಿನೈದು ದಿನದಿಂದ ಅವಳಿಗೆ ವಾಕರಿಕೆ, ಮಲಬದ್ಧತೆ, ತೀರದ ಬಾಯಾರಿಕೆ. ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುತ್ತಿದ್ದಳು. ಉಪವಾಸದ ನಿಶ್ಶಕ್ತಿ ಎಂದು ನಾವಿಬ್ಬರೂ ತೀರ್ಮಾನಿಸಿಬಿಟ್ಟಿದ್ದೆವು. ಅಂದು ತಮ್ಮ ಅವಳನ್ನು ಕಾರಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕರೆತಂದಾಗ ಇಳಿಯಲು ಅವಳ ಕಾಲು ಸ್ವಾಧೀನದಲ್ಲಿರಲಿಲ್ಲ.

ಸಂಜೆ ರಕ್ತದ ವರದಿ ಬಂತು. ಕ್ಯಾಲ್ಸಿಯಂ ವಿಪರೀತ ಏರಿತ್ತು, ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಡಾಕ್ಟರು ಮನೆಯಲ್ಲಿದ್ದ ಔಷಧಿಗಳನ್ನೆಲ್ಲ ತರಿಸಿದರು. ತಮ್ಮ ತಂದ ಚೀಲದಲ್ಲಿ ಕ್ಯಾಲ್ಸಿಯಂ ಮಾತ್ರೆಗಳು, ಮತ್ತೆ ವಿಟಮಿನ್ ಡಿ ಪುಡಿಯ ಪೊಟ್ಟಣಗಳು. ಎರಡೂ ನಾನು ಹೇಳಿದ್ದೇ.

ಪುಡಿಯನ್ನು ಹೇಗೆ ತಗೊಳ್ತಿದ್ರಿ ಎಂದು ಡಾಕ್ಟರು ಕೇಳಿದರು. ಡ್ರಿಪ್ ಹಾಕಿದ ಮೇಲೆ ಒಂದಿಷ್ಟು ತಿಳಿವು ಬಂದಿದ್ದ ಅಮ್ಮ ನಿಧಾನವಾಗಿ ಹೇಳಿದಳು: "ಒಪ್ಪೊತ್ತಿನ ದಿನ, ಹಾಲಲ್ಲಿ ಕಲಸ್ಕೊಂಡು. ಮಗಳು ಹೇಳಿದ ಹಾಗೇನೆ."

ವಾರಕ್ಕೊಂದು ಪೊಟ್ಟಣ ಎಂದರೆ ಮರೆತಾಳೆಂದು, ಒಪ್ಪೊತ್ತಿನ ದಿನ ತಗೋ ಎಂದಿದ್ದೆ. ನಮ್ಮ ಮನೆಯಲ್ಲಿ ಸೋಮವಾರ ಒಂದೇ ಊಟ. ಅವಳು ಆ ವ್ರತವನ್ನು ಮರೆತವಳೇ ಅಲ್ಲ. ಎಷ್ಟು ಚೆನ್ನಾಗಿ ಹೊಳೆಯಿತು ಎಂದು ನನಗೇ ಹೆಮ್ಮೆಯಾಗಿತ್ತು. ಆದರೆ ಶ್ರಾವಣದಲ್ಲಿ ಅವಳು ತಿಂಗಳಿಡೀ ಒಪ್ಪೊತ್ತು ಇರುತ್ತಾಳೆ. ಆ ವರ್ಷ ಅಧಿಕ ಮಾಸ ಬೇರೆ, ಶ್ರಾವಣವೇ ಎರಡು. ವಾರಕ್ಕೊಂದು ತಗೊಳ್ಳಬೇಕಾದ್ದನ್ನು ಹತ್ತಿರ ಹತ್ತಿರ ಎರಡು ತಿಂಗಳು ದಿನಾ ಕುಡಿದಿದ್ದಳು. ಖಾಲಿಯಾದಾಗಲೆಲ್ಲ ಮೆಡಿಕಲ್ ಶಾಪಿನಲ್ಲಿ ಹಳೆಯ ಪೊಟ್ಟಣ ತೋರಿಸಿ ತಂದಿದ್ದಳು. ಚೀಟಿ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ.

"ಮೊದಲು ಇವರಿಗೆ ಟೆಸ್ಟ್ ಮಾಡ್ಸಿದ್ರಾ?" ಡಾಕ್ಟರು ನನ್ನತ್ತ ತಿರುಗಿದರು.

ಇಲ್ಲ ಎಂದೆ. ಟೆಸ್ಟ್ ಆಗಿದ್ದು ನನಗೆ. ವಿಟಮಿನ್ ಡಿ ಕಡಿಮೆ ಇದ್ದದ್ದು ನನಗೆ. ಎಂಟು ವಾರದಲ್ಲಿ ಮೈಕೈ ನೋವು ಹೋಗಿದ್ದೂ ನನಗೇ. ನನಗೆ ಒಳ್ಳೆಯದಾದದ್ದು ಅವಳಿಗೂ ಆಗಲಿ ಅಂದುಕೊಂಡಿದ್ದೆ. ವಿಟಮಿನ್ ತಾನೆ, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಎಂದು ತಮ್ಮನಿಗೆ ಪಾಠವನ್ನೂ ಹೇಳಿದ್ದೆ. ವಿಜ್ಞಾನದ ಪದವೀಧರೆ ನಾನು. ಇದು ಹೋಗುವ ಜಾತಿಯದಲ್ಲ, ಕೊಬ್ಬಿನಲ್ಲಿ ಕೂತು ವಾರಗಟ್ಟಲೆ ಕಾಡುತ್ತದೆ ಎಂದರು ಡಾಕ್ಟರು. ಕಿಡ್ನಿ ಸುಧಾರಿಸುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದೂ ಅಂದರು.

ಮೂರನೆಯ ದಿನ ಅಮ್ಮನ ಕಾಲೊತ್ತುತ್ತಾ, ದಿನಾ ಕುಡಿಯುವಾಗ ಒಂದು ಸಲವಾದರೂ ಅನುಮಾನ ಬರಲಿಲ್ಲವೇ ಎಂದು ಕೇಳಿಬಿಟ್ಟೆ.

"ಓದಿದೋಳು ನೀನು ಮಾರಾಯ್ತಿ," ಎಂದಳು. "ನಂಗ್ಯಾಕೆ ಅನುಮಾನ ಬರ್ಬೇಕು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹತ್ತು ದಿನದ ಮೇಲೆ ಮನೆಗೆ ಕಳಿಸಿದರು. ರಜೆ ಹಾಕಿ ನ್ಯೂಟೌನಿಗೆ ಹೋಗಿ, ಅವಳ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ. ರಾತ್ರಿ ಅವಳು ಮೂತ್ರಕ್ಕೆ ಎದ್ದಾಗಲೆಲ್ಲ ನಾನೂ ಏಳುತ್ತಿದ್ದೆ. ಏಳದಿದ್ದಾಗ ಇನ್ನೂ ಹೆಚ್ಚು ಹೆದರಿ ಎದ್ದು ಕೂರುತ್ತಿದ್ದೆ. ಆರು ಸಲ ನಾಲ್ಕಾಯಿತು, ಮೂರಾಯಿತು. ವಾರವಾರದ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಹಟ ಮಾಡುತ್ತಾ ಇಳಿಯಿತು. ಕಿಡ್ನಿಯೂ ಪೂರ್ತಿಯಲ್ಲದಿದ್ದರೂ ಚೇತರಿಸಿತು.

ಒಂದು ಗುರುವಾರ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ದಡಬಡಿಸಿ ಎದ್ದು ಅಮ್ಮನ ಮೂಗಿನ ಹತ್ತಿರ ಕೈ ಹಿಡಿದೆ. ಉಸಿರು ಬೆಚ್ಚಗೆ ತಾಗಿತು. ಅವಳು ಕಣ್ಣು ತೆರೆಯದೆಯೇ ನನ್ನ ಕೈ ತಳ್ಳಿ, ಮಲಗೋಕೆ ಬಿಡೇ ಎಂದು ಮಗ್ಗುಲಾದಳು. ರಾತ್ರಿ ಅವಳು ಎದ್ದಿರಲಿಲ್ಲ. ನಾನೂ ಎದ್ದಿರಲಿಲ್ಲ.