ಕಪ್ಪುಗಟ್ಟಿದ ನಾಲ್ಕು ಪ್ಲಗ್ಗು

ಆಗ ನಾನಿನ್ನೂ ಚಿಕ್ಕವನು. ನಾಲ್ಕನೆಯ ತರಗತಿಯೋ ಐದನೆಯದೋ ಖಚಿತವಿಲ್ಲ, ಬೇಸಿಗೆ ರಜೆಯಂತೂ ಹೌದು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಮನೆ. ಅಪ್ಪ ಊರಿನ ಒಬ್ಬ ಅದಿರು ಗುತ್ತಿಗೆದಾರರ ಕಾರು ಓಡಿಸುತ್ತಿದ್ದ. ಆ ಗುತ್ತಿಗೆದಾರರನ್ನು ಎಲ್ಲರೂ ಧಣಿ ಎನ್ನುತ್ತಿದ್ದರು. ಅವರ ಅಂಗಳದಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಗುತ್ತದೆ. ಮಕ್ಕಳೇ, ತಾತನ ಕತೆ ಎಂದರೆ ಸಿಹಿಯಾಗಿರಬೇಕೆಂದು ನಿಮ್ಮಿಬ್ಬರ ಆಸೆ. ಇದು ಸಿಹಿಯಾಗಿಲ್ಲ.

ಕಾರು ಹಳೆಯದು, ಬಿಳಿಯದು. ವಾರಕ್ಕೆ ಮೂರು ನಾಲ್ಕು ಸಲ ಅದು ಸಂಡೂರಿನ ಗುಡ್ಡ ಹತ್ತಬೇಕಿತ್ತು. ಅದಿರಿನ ಲಾರಿಗಳ ಹಿಂದೆ ಹೋಗಿ ಬಂದರೆ ಕಾರೂ ಕೆಂಪು, ಅಪ್ಪನ ಹುಬ್ಬೂ ಕೆಂಪು. ಭಾನುವಾರ ಅಪ್ಪ ಅಕ್ಕನನ್ನೂ ನನ್ನನ್ನೂ ಧಣಿಯ ಅಂಗಳಕ್ಕೆ ಕರೆದುಕೊಂಡು ಹೋಗಿ ಬಾನೆಟ್ ಎತ್ತುತ್ತಿದ್ದ. ಎಂಜಿನ್ನಿನ ಮೇಲೆ ಒಂದು ದುಂಡು ಡಬ್ಬಿ, ಅದರೊಳಗೆ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್. ಎಂಜಿನ್ ಉಸಿರಾಡುವುದು ಅದರ ಮೂಲಕ. ಅಪ್ಪ ಅದನ್ನು ಗೋಡೆಗೆ ಬಡಿದರೆ ಕೆಂಪು ಧೂಳಿನ ಮೋಡ ಏಳುತ್ತಿತ್ತು.

ಆಮೇಲೆ ಸ್ಪಾರ್ಕ್ ಪ್ಲಗ್ಗು. ಪೆಟ್ರೋಲಿಗೆ ಕಿಡಿ ಹಚ್ಚುವುದು ಅದು. ನಮ್ಮ ಕಾರಿನಲ್ಲಿ ನಾಲ್ಕಿದ್ದವು. ಡಾಕ್ಟರು ನಾಲಿಗೆ ನೋಡಿದಂತೆ ಅಪ್ಪ ಅವುಗಳ ತುದಿ ನೋಡುತ್ತಿದ್ದ. ಬಿಸ್ಕತ್ತಿನ ಬಣ್ಣವಿದ್ದರೆ ಎಂಜಿನ್ ಚೆನ್ನಾಗಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ಒಳಗೆ ಪಿಸ್ಟನ್ನಿನ ರಿಂಗು ಸವೆದಿದೆ. ಸುಣ್ಣದಂತೆ ಬಿಳುಪಾಗಿದ್ದರೆ ಅತಿಯಾಗಿ ಕಾದಿದೆ. ಬೆರಳಿಗೆ ಹತ್ತುವ ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ. ನನಗೆ ಅದು ಆಟ. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಪಾಠದಂತೆ ಕಲಿತಳು.

ಆ ಭಾನುವಾರ ಎಲ್ಲ ಮುಗಿಸಿ ಅಪ್ಪ ಬಾವಿಯ ಬಳಿ ಕೈ ತೊಳೆಯಲು ಹೋದಾಗ ನನ್ನ ತಲೆ ಓಡಿತು. ನಮ್ಮ ಮನೆಯಲ್ಲಿ ಎಲ್ಲದರ ಬಾಯಿಗೂ ಅವ್ವ ಬಟ್ಟೆ ಕಟ್ಟುತ್ತಿದ್ದಳು: ನೀರಿನ ಕೊಡಕ್ಕೆ, ಮಜ್ಜಿಗೆ ಗಡಿಗೆಗೆ, ಕಣದಲ್ಲಿ ಜೋಳ ತೂರುವಾಗ ನಮ್ಮ ಮೂಗಿಗೂ. ಕಾರಿಗೇಕೆ ಕಟ್ಟಬಾರದು? ಒರೆಸಲು ತಂದಿದ್ದ ಅವ್ವನ ಹಸಿರು ಸೀರೆಯ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಆ ಡಬ್ಬಿ ಬಿಚ್ಚಿ ಫಿಲ್ಟರಿನ ಸುತ್ತ ಎರಡು ಸುತ್ತು ಸುತ್ತಿದೆ. ಮುಚ್ಚಳ ಹಾಕಿ, ಮೇಲಿನ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿದೆ. ಮುಂದಿನ ವಾರ ಅಪ್ಪ ಆಶ್ಚರ್ಯಪಡಲಿ ಎಂದು ಯಾರಿಗೂ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ಅಕ್ಕ, ನಾನು ಅಪ್ಪನಿಗೆ ಬುತ್ತಿ ಕೊಡಲು ಹೋದೆವು. ಅಂಗಳದಲ್ಲಿ ಜನ ನಿಂತಿದ್ದರು. ಎರಡು ದಿನದಿಂದ ಕಾರು ಏರಿನಲ್ಲಿ ಮುಗ್ಗರಿಸಿ ಕರಿಹೊಗೆ ಉಗುಳುತ್ತಿತ್ತಂತೆ. ಅಪ್ಪ ಪ್ಲಗ್ಗುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಹಾಕಿದರೂ ಮತ್ತೆ ಕಪ್ಪಾಗುತ್ತಿದ್ದವಂತೆ. ಆ ಬೆಳಿಗ್ಗೆ ಗುಡ್ಡದ ನಡುವೆ ಕಾರು ನಿಂತು, ಧಣಿ ಅದಿರಿನ ಲಾರಿಯಲ್ಲಿ ಕೂತು ವಾಪಸು ಬಂದಿದ್ದರು. ಬಿಳಿ ಪಂಚೆ ಇಟ್ಟಿಗೆ ಬಣ್ಣವಾಗಿತ್ತು. ಹಗ್ಗ ಕಟ್ಟಿ ಎಳೆತಂದ ಕಾರಿನ ಮುಂದೆ, ಹಳೆಯ ಪೇಪರಿನ ಮೇಲೆ ನಾಲ್ಕು ಪ್ಲಗ್ಗು ಸಾಲಾಗಿ ಬಿದ್ದಿದ್ದವು. ನಾಲ್ಕೂ ಇದ್ದಿಲು.

"ಪೆಟ್ರೋಲ್ ಮಾರ್ಕೊಂಡು ಸೀಮೆಎಣ್ಣಿ ಕುಡಿಸೀದಿ. ಒಪ್ಕೊಂಬಿಡು" ಎಂದರು ಧಣಿ.

"ದೇವ್ರಾಣಿ ಇಲ್ರಿ ಧಣ್ಯಾರ..."

"ದೇವ್ರನ್ನ ಯಾಕ ಕರೀತಿ? ಪೊಲೀಸ್ರನ್ನ ಕರಿಯಾಣೇನು?"

ಲಾರಿ ಕ್ಲೀನರ್ ಒಬ್ಬ ಅಕ್ಕನ ಕಡೆ ತಿರುಗಿ, "ಏನವಾ ತಂಗಿ, ಮನ್ಯಾಗ ದೀಪಕ್ಕಾದ್ರೂ ಎಣ್ಣಿ ಉಳಿಸ್ಯಾನೇನು ನಿಮ್ಮಪ್ಪ, ಎಲ್ಲಾ ಕಾರಿಗೇ ಹೊಯ್ದಾನೋ?" ಎಂದ. ಎಲ್ಲರೂ ನಕ್ಕರು. ಅಪ್ಪ ನೆಲ ನೋಡಿದ. ಕಳ್ಳ ಎನಿಸಿಕೊಂಡ ಡ್ರೈವರನಿಗೆ ಹೊಸಪೇಟೆಯಲ್ಲಿ ಇನ್ನಾರೂ ಕೀಲಿಕೈ ಕೊಡುತ್ತಿರಲಿಲ್ಲ.

ಅಕ್ಕ ಬುತ್ತಿ ಕೆಳಗಿಟ್ಟು ಪ್ಲಗ್ಗೊಂದನ್ನು ಎತ್ತಿಕೊಂಡಳು. ಮೂಸಿದಳು, ಬೆರಳಿನಿಂದ ಉಜ್ಜಿದಳು. "ಅಪ್ಪಾ, ಒಣ ಮಸಿ ಐತಿ. ನಾಕೂ ಒಂದ ಥರ ಅದಾವ. ಪ್ಲಗ್ ಕೆಟ್ಟಿದ್ರ ಒಂದು ಕೆಡ್ತಿತ್ತು, ನಾಕೂ ಕೂಡಿ ಕೆಡ್ತಾವೇನು?"

"ನೀ ಸುಮ್ಕಿರಲೇ!" ಎಂದು ಅಪ್ಪ ಗದರಿದ. ಧಣಿಯ ಮುಂದೆ ಏಳದ ದನಿ ಮಗಳ ಮೇಲೆ ಎದ್ದಿತು.

ಅಕ್ಕ ಸುಮ್ಮನಿರಲಿಲ್ಲ. ಪೆಟ್ರೋಲಿನ ಪೈಪು ಸಡಿಲಿಸಿ ನಾಲ್ಕು ಹನಿ ಅಂಗೈಗೆ ಬಿಟ್ಟುಕೊಂಡು ಧಣಿಯ ಮೂಗಿನ ಹತ್ತಿರ ಹಿಡಿದಳು. ಸೀಮೆಎಣ್ಣೆ ಇದ್ದರೆ ಅಂಗೈ ಜಿಡ್ಡಾಗಿಯೇ ಉಳಿಯುತ್ತದೆ. ಬಿಸಿಲಲ್ಲಿ ಆ ಹನಿಗಳು ಕಣ್ಣೆದುರೇ ಆರಿ, ಕೈ ಒಣಗಿತು. "ನೋಡ್ರಿ, ಸ್ವಚ್ಛ ಪೆಟ್ರೋಲ್ ಐತಿ. ಅಂದ್ರ ಗಾಳಿ ಸಿಗವಲ್ದು. ಅಪ್ಪಾ, ಆ ಡಬ್ಬಿ ಬಿಚ್ಚು."

"ಐತವಾರ ನಾನ ಜಾಡಿಸೀನಿ ಅದನ್ನ!"

ಅಪ್ಪ ಎರಡು ದಿನ ಆ ಡಬ್ಬಿಯನ್ನು ಮುಟ್ಟದಿದ್ದುದಕ್ಕೆ ಕಾರಣ ಅದೇ. ತಾನೇ ಮಾಡಿದ ಕೆಲಸವನ್ನು ಅವನು ಅನುಮಾನಿಸಲಿಲ್ಲ. ಅಕ್ಕನೇ ನಟ್ಟು ತಿರುಗಿಸಿ ಮುಚ್ಚಳ ತೆಗೆದಳು. ಒಳಗೆ ಕೆಂಪು ಕೆಸರು ಒಣಗಿ ರೊಟ್ಟಿಯಂತೆ ಗಟ್ಟಿಯಾದ ಬಟ್ಟೆ. ಅಂಚಿನಲ್ಲಿ ಮಾತ್ರ ಹಸಿರು ಉಳಿದಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಇದನ್ಯಾರು ಇಟ್ಟಾರ?" ಧಣಿ ಕೂಗಿದರು. "ಬೇಕಂತ್ಲೇ ನನ್ನ ಗಾಡಿ ಕೆಡಸಾಕ ಹೊಂಟೀಯೇನು?"

"ನಾನ ಇಟ್ಟಿದ್ರಿ. ಧೂಳು ಹೋಗಬಾರ್ದಂತ" ಎಂದಳು ಅಕ್ಕ.

ಅಪ್ಪನ ಕೈ ಅವಳ ಕೆನ್ನೆಗೆ ಬಿದ್ದ ಸದ್ದು ನನಗಿನ್ನೂ ಕೇಳಿಸುತ್ತದೆ. ಧಣಿ ಫಕ್ಕನೆ ನಕ್ಕು, "ಇಷ್ಟಕ್ಕನ? ಜಲ್ದಿ ಹಾಕು, ಗುಡ್ಡಕ್ಕ ಹೋಗಬೇಕು" ಎಂದರು. ಕಳ್ಳ ಎಂದದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅಪ್ಪ ಕೇಳಲೂ ಇಲ್ಲ. ಬಟ್ಟೆ ಎಸೆದು, ಪ್ಲಗ್ಗು ಉಜ್ಜಿ ಹಾಕಿ ಚಾಲೂ ಮಾಡಿದ. ಎಂಜಿನ್ ಒಂದೇ ಸಮನೆ ಗುನುಗಿತು. ಊಟ ಮಾಡದೆ ಅಪ್ಪ ಸಂಡೂರಿಗೆ ಹೊರಟ. ಅವನ ಹೆಸರು ಉಳಿಸಿದ ಹುಡುಗಿ ಕೆನ್ನೆ ಹಿಡಿದುಕೊಂಡು ಬುತ್ತಿ ಎತ್ತಿಕೊಂಡಳು. ಧಣಿಯ ಮೇಲೆ, ನಕ್ಕವರ ಮೇಲೆ, ಅಪ್ಪನ ಆ ಕೈಯ ಮೇಲೆ ನನ್ನ ಸಿಟ್ಟು ಒಂದಿಷ್ಟೂ ಆರಿಲ್ಲ.

ಇಷ್ಟು ಹೇಳಿದ ಮೇಲೆ ನಾನು ಯಾವಾಗಲೂ ಇನ್ನೊಂದು ಸಾಲು ಸೇರಿಸುತ್ತಿದ್ದೆ: ಆಗ ನಾನು ಮುಂದೆ ಬಂದು, "ಅಪ್ಪಾ, ಇಟ್ಟಿದ್ದು ನಾನು" ಎಂದೆ. ನಿಮ್ಮ ಅಪ್ಪನಿಗೂ ಹಾಗೇ ಹೇಳಿದ್ದೇನೆ. ಆ ಮಾತು ನನ್ನ ಬಾಯಿಂದ ಹೊರಟದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ವಿಶ್ವವಿದ್ಯಾಲಯದಲ್ಲಿ ಪುರಾವೆ ಇಲ್ಲದೆ ಯಾವುದನ್ನೂ ಒಪ್ಪಬಾರದೆಂದು ಕಲಿತವನು, ಈ ಒಂದು ನೆನಪಿಗೆ ಮಾತ್ರ ಪುರಾವೆ ಕೇಳಿರಲಿಲ್ಲ. ಇದನ್ನು ಬರೆಯಲು ಕೂತಾಗ ಅನುಮಾನ ಬಂದು, ಕಂಪ್ಲಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

ಅವಳು ನಕ್ಕಳು. "ನೀ ಎಲ್ಲಿ ಹೇಳಿದ್ಯೋ? ಕಾರಿನ ಹಿಂದ ನಿಂತು ಚಡ್ಡಿ ತೊಯ್ಸಿಕೊಂಡಿದ್ದಿ. ಮನಿಗೆ ಬಂದ ಮ್ಯಾಲೂ ಹೇಳ್ಲಿಲ್ಲ. ಅಪ್ಪ ಸಾಯೋತನಕ ನಾನ ಇಟ್ಟಿದ್ದಂತ ತಿಳ್ಕೊಂಡಿದ್ದ."

"ನೀನಾದ್ರೂ ಹೇಳಬೇಕಿತ್ತು."

"ನಾ ಯಾಕ ಹೇಳ್ಲಿ? ಹೇಳಬೇಕಾದಾವ ನೀನು."

ಮೊನ್ನೆ ನಿಮ್ಮ ಕಾರಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿದಾಗ ಗ್ಯಾರೇಜಿಗೆ ನಾನೂ ಜೊತೆಗೆ ಬಂದಿದ್ದೆ. ಅಲ್ಲಿನ ಹುಡುಗ ಒಂದು ವೈರು ಸಿಕ್ಕಿಸಿದ, ಪರದೆಯ ಮೇಲೆ ಎಲ್ಲ ಬಂತು: ಯಾವ ಸಿಲಿಂಡರು, ಯಾವಾಗ ಕೆಟ್ಟಿತು, ಆಗ ಕಾರು ಎಷ್ಟು ವೇಗದಲ್ಲಿತ್ತು. ಯಾರೂ ಕಿರುಚಲಿಲ್ಲ, ಯಾರ ಕೈಗೂ ಮಸಿ ಹತ್ತಲಿಲ್ಲ, ಯಾರನ್ನೂ ಕಳ್ಳ ಎನ್ನಲಿಲ್ಲ. ನೀವಿಬ್ಬರೂ ಫೋನಿನಿಂದ ತಲೆ ಎತ್ತಲೂ ಇಲ್ಲ. ನಿಮ್ಮ ಕಾರು ಆದದ್ದನ್ನೆಲ್ಲ ತಾನೇ ಹೇಳುತ್ತದೆ. ನಮ್ಮ ಕಾಲದಲ್ಲಿ ಯಾರಾದರೂ ಬಾಯಿ ಬಿಟ್ಟು ಹೇಳಬೇಕಿತ್ತು. ನಾನು ಹೇಳಲಿಲ್ಲ.