ಗೋಡೆಯ ಮಾತು ಕೇಳುತ್ತಿದ್ದಾತ

ಮಾನ್ವಿಯ ಮೈಕ್‌ಸೆಟ್ಟಿನಾತ ಯಾರ ಮನೆಗೆ ಬಂದರೂ ಮೊದಲು ಚಪ್ಪಾಳೆ ಹೊಡೆದು ಕಣ್ಣು ಮುಚ್ಚುತ್ತಿದ್ದ. "ತಡೀರಿ, ಗ್ವಾಡಿ ಏನಂತದ ಕೇಳೂಣು."

ನಮ್ಮ ಓಣಿಯ ರೈಸ್‌ಮಿಲ್ ಸಾಹುಕಾರರು ವಿಸಿಆರ್ ತಂದು, ಸದ್ದು ಹೊಂದಿಸಲು ಆತನನ್ನು ಕರೆಸಿದಾಗ, ಅವರ ಬಂಡೆಹಾಸಿನ ಪಡಸಾಲೆಯಲ್ಲಿ ಒಂದು ಚಪ್ಪಾಳೆ ಮೂರಾಗಿ ತಿರುಗಿ ಬಂತು. ಆತ ಮಿಲ್ಲಿನಿಂದ ಖಾಲಿ ಗೋಣಿಚೀಲ ತರಿಸಿ, ಗೋಡೆಗೆಲ್ಲ ತೂಗುಹಾಕಿ, ಚಪ್ಪಾಳೆ ಹೊಡೆದು ಕೇಳಿ, ಹೊಡೆದು ಕೇಳಿ, ಸದ್ದನ್ನು ಹದಕ್ಕೆ ತಂದ.

ಸಂಜೆ ಓಣಿಗೆ ಓಣಿಯೇ ಬಂದು ಕೂತಿತು. ಪಿಕ್ಚರ್ ಹಚ್ಚಿದರೆ ಮಾತೇ ಕೇಳಿಸದು!

"ಯಪ್ಪಾ, ಮಂದೀನೂ ಸದ್ದು ನುಂಗ್ತಾರ, ಮರತೇ ಬಿಟ್ಟಿದ್ದೆ! ಚೀಲ ತಗೀರಿ!" ಎಂದು ಕೂಗಿದ.

ಎಳೆದೆವು. ತೌಡಿನ ಧೂಳೆದ್ದು ಪಡಸಾಲೆಯೆಲ್ಲ ಸೀನತೊಡಗಿತು, ನಗತೊಡಗಿತು. ಆತ ಚಪ್ಪಾಳೆಗೆ ಕೈ ಎತ್ತಿದ; ಅಷ್ಟರಲ್ಲಿ ಸಾಹುಕಾರರೇ ಮನೆ ನಡುಗುವಂತೆ ಸೀನಿದರು. ಆತ ಕಣ್ಣು ಮುಚ್ಚಿ ಕೇಳಿದ.

"ಸಾಹುಕಾರ್ರ ಸೀನು ಒಂದೇ ಸಲ ಕೇಳಿಸ್ತು ನೋಡ್ರಿ. ಹಚ್ರಿ ಪಿಕ್ಚರ್!"